ಅಡುಗೆಮನೆ ನಲ್ಲಿಯ ಹಿಡಿ ಕಲ್ಲಾಗಿದೆ, ಮೆಷಿನ್ ಎಣ್ಣೆಗೂ ಜಗ್ಗಲಿಲ್ಲ

ಹೊಲಿಗೆಪೆಟ್ಟಿಗೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಬಟ್ಟೆ ಹೊಲಿಯೋಳು. ಮೆಷಿನ್ನಿನ ಸ್ಕ್ರೂ ಬಿಚ್ಚಿ ಹಾಕೋದು, ಎಣ್ಣೆ ಬಿಡೋದು ನನಗೆ ದಿನದ ಕೆಲಸ. ನೀರಿನ ಕೆಲಸಕ್ಕೆ ಮಾತ್ರ ಇದುವರೆಗೆ ಕೈ ಹಾಕಿಲ್ಲ, ಅದಕ್ಕೇ ಕೇಳ್ತಿದ್ದೀನಿ.

ನಮ್ಮ ಸಿಂಕಿನ ನಲ್ಲಿಗೆ ಒಂದೇ ಹಿಡಿ. ಮೇಲೆತ್ತಿದರೆ ನೀರು, ಎಡಕ್ಕೆ ತಳ್ಳಿದರೆ ಬಿಸಿ, ಬಲಕ್ಕೆ ತಣ್ಣೀರು. ಆರೇಳು ತಿಂಗಳಿಂದ ಈ ಹಿಡಿ ಬಿಗಿಯಾಗ್ತಾ ಬಂದು ಈಗ ಕಲ್ಲಾಗಿದೆ. ಎತ್ತಿದರೆ ಮೊದಲು ಕದಲೋದೇ ಇಲ್ಲ. ಇನ್ನಷ್ಟು ಬಲ ಹಾಕಿದರೆ ಟಕ್ ಅಂತ ಒಮ್ಮೆಲೇ ಹಾರಿ ನೀರು ಪೂರ್ತಿ ಬಿಟ್ಟುಕೊಳ್ಳುತ್ತೆ. ಸಣ್ಣ ಧಾರೆ ಅನ್ನೋದನ್ನ ನೋಡಿ ಎಷ್ಟು ದಿನ ಆಯ್ತೋ. ಮೂತಿಯನ್ನ ಆಚೀಚೆ ತಿರುಗಿಸೋದೂ ಕಷ್ಟ, ಆದರೆ ಅದು ಇಷ್ಟು ಮೊಂಡಲ್ಲ.

ನನ್ನ ಕೈಗಾದರೆ ಹೇಗೋ ನಡೆಯುತ್ತೆ. ಅತ್ತೆಗೆ ಬೆರಳ ಗಂಟುಗಳ ನೋವು. ಅವರು ಹಿಡಿಯ ಕೆಳಗೆ ಸೌಟಿನ ಹಿಡಿಕೆ ಕೊಟ್ಟು ಮೀಟ್ತಾರೆ. ಮೊನ್ನೆ ಹಾಗೆ ಮೀಟುವಾಗ ನಲ್ಲಿಯ ಬುಡವೇ ಅಲುಗಿದ್ದನ್ನ ಕಣ್ಣಾರೆ ಕಂಡೆ. ಇನ್ನು ಸುಮ್ಮನಿದ್ದರೆ ಒಂದಿನ ನಲ್ಲಿಯೇ ಕಿತ್ತು ಕೈಗೆ ಬರುತ್ತೆ.

ನಾನು ಮಾಡಿದ ಘನಕಾರ್ಯ ಇಷ್ಟು: ಹಿಡಿ ಮತ್ತು ಅದರ ಕೆಳಗಿನ ಗುಮ್ಮಟದಂಥ ಭಾಗದ ಸಂದಿಗೆ ನಾಲ್ಕು ಹನಿ ಮೆಷಿನ್ ಎಣ್ಣೆ ಬಿಟ್ಟೆ. ಒಂದು ಸಂಜೆ ಸ್ವಲ್ಪ ಹಗುರ ಅನ್ನಿಸಿತು, ಅಥವಾ ಹಾಗಂತ ನನಗೆ ನಾನೇ ಹೇಳಿಕೊಂಡೆ. ಬೆಳಗ್ಗೆ ಎದ್ದರೆ ಅದೇ ಕಥೆ, ಜೊತೆಗೆ ಹಿಡಿಯ ಸುತ್ತ ಜಿಡ್ಡು. ಇದನ್ನ ಮನೆಯಲ್ಲೇ ಸರಿ ಮಾಡಬಹುದಾ? ಎಲ್ಲಿಂದ ಶುರು ಮಾಡಲಿ?


ಅವಸರಪ್ಪ:

ತುಕ್ಕು ಬಿಡಿಸೋ ಸ್ಪ್ರೇ ಇರುತ್ತಲ್ಲ, ಅದನ್ನ ಚೆನ್ನಾಗಿ ಹೊಡೆದು ಹತ್ತು ನಿಮಿಷ ಬಿಟ್ಟು ಜೋರಾಗಿ ಆಡಿಸಿ. ಬಿಟ್ಟುಕೊಳ್ಳುತ್ತೆ. ನಮ್ಮ ಗೇಟಿನ ಬೀಗ ಹಾಗೇ ಸರಿಯಾಯ್ತು.


ಹಳೇಪಾನಾ:

ಗೇಟಿನ ಬೀಗದ ನೀರನ್ನ ಯಾರೂ ಕುಡಿಯಲ್ಲ ಸ್ವಾಮಿ.

ಅಕ್ಕಾ, ಮೊದಲನೇ ಮಾತು, ಇನ್ನು ಎಣ್ಣೆ ಬೇಡ. ಮೆಷಿನ್ ಎಣ್ಣೆ ಅಂದರೆ ಖನಿಜ ತೈಲ. ಲೋಹದ ಮೇಲೆ ಲೋಹ ಉಜ್ಜೋ ಜಾಗಕ್ಕೆ ಅದು ಸರಿ. ನಲ್ಲಿಯೊಳಗೆ ರಬ್ಬರ್ ಇದೆ. ನೀರಿನ ಸಾಮಾನುಗಳಲ್ಲಿ ಹೆಚ್ಚಾಗಿ ಬಳಸೋ ಇಪಿಡಿಎಂ ಅನ್ನೋ ರಬ್ಬರ್ ಖನಿಜ ತೈಲ ಕುಡಿದರೆ ಊದಿಕೊಳ್ಳುತ್ತೆ, ಮೆತ್ತಗಾಗುತ್ತೆ. ಪೆಟ್ರೋಲಿಯಂ ಜೆಲ್ಲಿ, ಗಾಡಿಗೆ ಹಾಕೋ ಗ್ರೀಸ್, ಆ ಸ್ಪ್ರೇ, ಎಲ್ಲಕ್ಕೂ ಇದೇ ಮಾತು. ಸ್ಪ್ರೇ ಅಂತೂ ಒಳಗಿರೋ ಅಷ್ಟಿಷ್ಟು ಗ್ರೀಸನ್ನೂ ತೊಳೆದು ಹಾಕುತ್ತೆ. ನಲ್ಲಿಗೆ ಹಾಕೋದು ಸಿಲಿಕೋನ್ ಗ್ರೀಸ್ ಒಂದೇ, ಅದೂ ಕುಡಿಯೋ ನೀರಿಗೆ ಆಗುತ್ತೆ ಅಂತ ಟ್ಯೂಬಿನ ಮೇಲೆ ಬರೆದಿದ್ದರೆ ಮಾತ್ರ.

ಎರಡನೇದು, ನೀವು ಎಣ್ಣೆ ಬಿಟ್ಟ ಜಾಗಕ್ಕೂ ಬಿಗಿ ಇರೋ ಜಾಗಕ್ಕೂ ಸಂಬಂಧ ಇರಲಿಕ್ಕಿಲ್ಲ. ಹಿಡಿಯ ಕೆಳಗೆ ಗುಮ್ಮಟ, ಅದರೊಳಗೆ ದೊಡ್ಡ ನಟ್, ನಟ್ಟಿನ ಕೆಳಗೆ ಕಾರ್ಟ್ರಿಡ್ಜ್ ಅನ್ನೋ ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯ ಹೊಟ್ಟೆಯಲ್ಲಿ ಪಿಂಗಾಣಿಯಂಥ ಎರಡು ಬಿಲ್ಲೆ. ಕೆಳಗಿನ ಬಿಲ್ಲೆ ಅಲ್ಲಾಡಲ್ಲ, ಅದಕ್ಕೆ ಮೂರು ತೂತು: ಬಿಸಿನೀರಿಗೊಂದು, ತಣ್ಣೀರಿಗೊಂದು, ಹೊರಗೆ ಹೋಗೋಕೊಂದು. ಮೇಲಿನ ಬಿಲ್ಲೆ ಹಿಡಿಯ ಜೊತೆ ಜರುಗಿ ತೂತುಗಳನ್ನ ಮುಚ್ಚಿ ತೆರೆಯುತ್ತೆ. ನಿಮ್ಮ ಎಣ್ಣೆ ಅಲ್ಲಿಗೆ ಹೋಗೋ ದಾರಿಯೇ ಇಲ್ಲ.

ಬಿಚ್ಚೋಕೆ ಮುಂಚೆ ಮೂರು ವಿಷಯ ತಿಳಿಸಿ. ಎತ್ತೋದು, ಪಕ್ಕಕ್ಕೆ ತಳ್ಳೋದು ಎರಡೂ ಅಷ್ಟೇ ಬಿಗಿನಾ? ಸಿಂಕಿನ ಕೆಳಗಿನ ಎರಡೂ ಆ್ಯಂಗಲ್ ವಾಲ್ವ್ ಮುಚ್ಚಿ ನೀರಿಲ್ಲದಾಗ ಆಡಿಸಿದರೆ ವ್ಯತ್ಯಾಸ ಇದೆಯಾ? ಬಿಗಿ ಶುರುವಾಗೋಕೆ ಮುಂಚೆ ಯಾರಾದರೂ ಈ ನಲ್ಲಿ ಮುಟ್ಟಿದ್ದರಾ? ಮೂರನೇ ಪ್ರಶ್ನೆ ಯಾರಿಗೂ ಇಷ್ಟ ಆಗಲ್ಲ, ಆದರೂ ಕೇಳ್ತೀನಿ.


ಹೊಲಿಗೆಪೆಟ್ಟಿಗೆ:

ಅಣ್ಣಾ, ಮೂರನೇ ಪ್ರಶ್ನೆ ನೋಡಿ ತಲೆ ಚಚ್ಚಿಕೊಂಡೆ. ಆರೇಳು ತಿಂಗಳ ಹಿಂದೆ ಹಿಡಿಯ ಬುಡದಿಂದ ನೀರು ಜಿನುಗ್ತಿತ್ತು. ಒಬ್ಬರು ಬಂದು ಐದು ನಿಮಿಷದಲ್ಲಿ ಸರಿ ಮಾಡಿ ಹೋದರು. ಏನೂ ಬದಲಾಯಿಸಲಿಲ್ಲ, ಬಿಚ್ಚಿ "ಸ್ವಲ್ಪ ಟೈಟ್ ಮಾಡಿದೀನಿ" ಅಂದರು. ಜಿನುಗೋದು ನಿಂತಿದ್ದಕ್ಕೆ ನಾನು ಹೊಗಳಿ ಕಳಿಸಿದ್ದೆ.

ಉಳಿದ ಎರಡನ್ನ ಈಗಷ್ಟೇ ನೋಡಿದೆ. ಎತ್ತೋದೂ ಬಿಗಿ, ತಳ್ಳೋದೂ ಬಿಗಿ. ಎಡಕ್ಕೆ, ಬಿಸಿಯ ಕಡೆಗೆ, ಇನ್ನೊಂಚೂರು ಜಾಸ್ತಿ, ಒಳಗೆ ಮರಳಿದ್ದ ಹಾಗೆ ಕರಕರ. ನೀರು ನಿಲ್ಲಿಸಿದಾಗಲೂ ಅಷ್ಟೇ. ಅಂದಹಾಗೆ ಆ ಆ್ಯಂಗಲ್ ವಾಲ್ವ್‌ಗಳಲ್ಲಿ ಬಿಸಿನೀರಿನದ್ದು ತಿರುಗೋಕೇ ಒಪ್ಪಲಿಲ್ಲ. ಇಕ್ಕಳ ಹಾಕೋಣ ಅಂದುಕೊಂಡು ಯಾಕೋ ಭಯವಾಗಿ ಬಿಟ್ಟೆ.


ಹಳೇಪಾನಾ:

ಭಯವಾಗಿದ್ದೇ ಒಳ್ಳೇದಾಯ್ತು. ವರ್ಷಗಟ್ಟಲೆ ಮುಟ್ಟದ ವಾಲ್ವಿಗೆ ಇಕ್ಕಳ ಹಾಕಿದರೆ ಕಡ್ಡಿಯೇ ಮುರಿದು, ತೆರೆಯೋಕೂ ಆಗದೆ ಮುಚ್ಚೋಕೂ ಆಗದೆ ನಿಲ್ಲುತ್ತೆ. ಕೈಯಲ್ಲೇ ಒಂದು ಎಳೆಯಷ್ಟು ಮುಚ್ಚೋ ಕಡೆ, ಒಂದು ಎಳೆಯಷ್ಟು ತೆರೆಯೋ ಕಡೆ, ಹೀಗೆ ಇಪ್ಪತ್ತು ಸಲ ಆಡಿಸಿ. ಸುಣ್ಣ ಬಿರುಕು ಬಿಟ್ಟರೆ ತಾನಾಗಿ ಸಡಿಲವಾಗುತ್ತೆ. ಆಗಲಿಲ್ಲವೋ, ಮನೆಯ ಮೇನ್ ವಾಲ್ವ್ ಮುಚ್ಚಿ ಕೆಲಸ ಮಾಡಿ. ಬಿಸಿನೀರಿನ ಹೀಟರ್ ಕೂಡ ಆಫ್ ಇರಲಿ.

ಇನ್ನು ನಿಮ್ಮ ನಲ್ಲಿ. ಕೇಳಿದ್ದರ ಮೇಲೆ ಮುಕ್ಕಾಲು ಪಾಲು ಹೇಳಬಲ್ಲೆ: ಆ ನಟ್ ಅತಿಯಾಗಿ ಬಿಗಿದಿದ್ದಾರೆ. ಕಾರ್ಟ್ರಿಡ್ಜ್ ತಳದ ರಬ್ಬರ್‌ಗಳು ಚಪ್ಪಟೆಯಾಗಿ ನೀರು ಜಿನುಗಿದೆ. ನಟ್ ಬಿಗಿದರೆ ರಬ್ಬರ್ ಒತ್ತಿ ಸೋರೋದು ನಿಲ್ಲುತ್ತೆ, ಜೊತೆಗೆ ಒಳಗಿನ ಎರಡೂ ಬಿಲ್ಲೆ ಒಂದಕ್ಕೊಂದು ಅದುಮಿಕೊಳ್ಳುತ್ತವೆ. ಸೋರಿಕೆ ಹೋಗಿ ಬಿಗಿ ಬಂತು. ಅವರು ಮಾಡಿದ್ದು ರಿಪೇರಿಯಲ್ಲ, ಕಾಯಿಲೆಯ ಜಾಗ ಬದಲಾಯಿಸಿದ್ದು. ಕರಕರ ಅನ್ನೋದು ಬೇರೆ, ಅದು ಸುಣ್ಣ, ಅದನ್ನ ಮೇಷ್ಟ್ರು ಬಂದರೆ ಹೇಳ್ತಾರೆ.

ಪರೀಕ್ಷೆ ಹೀಗೆ. ನೀರು ನಿಲ್ಲಿಸಿ, ಹಿಡಿ ಎತ್ತಿ ಒಳಗಿನ ನೀರು ಇಳಿಸಿ. ಸಿಂಕಿನ ತೂತಿಗೆ ಬಟ್ಟೆ ತುರುಕಿ. ಹಿಡಿಯ ಮುಂದೆ ಅಥವಾ ಹಿಂದೆ ಕೆಂಪು-ನೀಲಿ ಗುರುತಿನ ಸಣ್ಣ ಮುಚ್ಚಳ ಇರುತ್ತೆ, ಅದನ್ನ ಎಬ್ಬಿಸಿದರೆ ಒಳಗೆ ಆರು ಮೂಲೆಯ ತೂತಿನ ಚಿಕ್ಕ ಸ್ಕ್ರೂ. ಅಲೆನ್ ಕೀ 2.5 ಅಥವಾ 3 ಮಿ.ಮೀ. ಹಿಡಿಸುತ್ತೆ. ಪೂರ್ತಿ ತೆಗೆಯಬೇಡಿ, ಮೂರ್ನಾಲ್ಕು ಸುತ್ತು ಸಡಿಲಿಸಿದರೆ ಹಿಡಿ ಮೇಲಕ್ಕೆ ಬರುತ್ತೆ. ಈಗ ಗುಮ್ಮಟವನ್ನ ಕೈಯಲ್ಲೇ ತಿರುಗಿಸಿ ತೆಗೆದು, ಹಿಡಿಯನ್ನ ಮತ್ತೆ ಕಾರ್ಟ್ರಿಡ್ಜಿನ ಮೇಲಿನ ಕಡ್ಡಿಗೆ ಸುಮ್ಮನೆ ಸಿಕ್ಕಿಸಿ ಆಡಿಸಿ. ಹಗುರವಾಗಿ ಆಡಿದರೆ ಹಿಡಿ ಗುಮ್ಮಟಕ್ಕೆ ತಾಗಿ ಉಜ್ಜುತ್ತಿತ್ತು ಅಂತ, ಅಲ್ಲಿಗೇ ಮುಗೀತು. ಬಿಗಿಯೇ ಇದ್ದರೆ ದೊಡ್ಡ ನಟ್ಟನ್ನ ಕಾಲು ಸುತ್ತು ಸಡಿಲಿಸಿ ಆಡಿಸಿ. ಆಗ ಬಿಟ್ಟುಕೊಂಡರೆ ಕಳ್ಳ ಸಿಕ್ಕ. ನಟ್ ಸಡಿಲ ಇರುವಾಗ ಅಪ್ಪಿತಪ್ಪಿಯೂ ನೀರು ಬಿಡಬೇಡಿ, ಕಾರ್ಟ್ರಿಡ್ಜ್ ಎದ್ದು ಬರುತ್ತೆ, ಅದರ ಹಿಂದೆ ಕಾರಂಜಿ.


ರಸಾಯನಮೇಷ್ಟ್ರು:

ಕರೆದಿದ್ದಕ್ಕೆ ಬಂದೆ. ಬಿಸಿ ಕಡೆಗೇ ಯಾಕೆ ಕರಕರ ಹೆಚ್ಚು ಅಂದರೆ, ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ಬಿಸಿ ಮಾಡಿದಾಗ ಅದು ಒಡೆದು ಇಂಗಾಲದ ಡೈ ಆಕ್ಸೈಡ್ ಹೊರಗೆ ಹೋಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಪದರವಾಗಿ ಕೂರುತ್ತದೆ. ಕೆಟಲ್ ತಳದಲ್ಲಿ ಕೂರುವುದೂ ಇದೇ. ಹಾಗಾಗಿ ಬಿಸಿನೀರಿನ ದಾರಿಯಲ್ಲಿ ಸುಣ್ಣ ಹೆಚ್ಚು.

ಇದಕ್ಕೆ ಆಮ್ಲವೇ ಮದ್ದು. ಅಡುಗೆಮನೆಯ ವಿನೆಗರ್ ಸಾಮಾನ್ಯವಾಗಿ ಶೇಕಡಾ 5ರ ಅಸಿಟಿಕ್ ಆಮ್ಲ, ಅದು ಸಾಕು. ಬೆಚ್ಚಗಿನ ನೀರಿಗೆ ಒಂದು ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು, ಹಾಕಿದರೂ ಆಗುತ್ತದೆ. ಗುಳ್ಳೆ ಬರುತ್ತಿರುವಷ್ಟು ಹೊತ್ತು ಸುಣ್ಣ ಕರಗುತ್ತಿದೆ ಎಂದು ಅರ್ಥ. ಕಾರ್ಟ್ರಿಡ್ಜನ್ನು ಅರ್ಧ ಗಂಟೆ ನೆನೆಸಬಹುದು. ಹೊಳೆಯುವ ಲೇಪದ ಭಾಗಗಳನ್ನು ರಾತ್ರಿಯಿಡೀ ನೆನೆಸಬೇಡಿ, ಲೇಪ ಮಂಕಾಗುತ್ತದೆ. ಆ ದಿನ ಸಿಂಕಿಗೆ ಬ್ಲೀಚ್ ಹಾಕುವ ಯೋಚನೆಯಿದ್ದರೆ ಮುಂದಕ್ಕೆ ಹಾಕಿ. ಬ್ಲೀಚಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅದು ವಿಷ.

ಸುಣ್ಣವನ್ನು ಸ್ಕ್ರೂಡ್ರೈವರ್‌ನಿಂದ ಕೆರೆಯುವ ಆಸೆ ಬೇಡ. ಆ ಬಿಲ್ಲೆಗಳು ಅಲ್ಯೂಮಿನಾ, ಮೋಸ್ ಗಡಸುತನದ ಪಟ್ಟಿಯಲ್ಲಿ 9. ವಜ್ರ 10. ಸುಣ್ಣದ ಪದರ 3ರ ಆಸುಪಾಸು. ಗೀರು ಬೀಳುವುದಿಲ್ಲ ನಿಜ, ಆದರೆ ಗಡಸು ಎಂದರೆ ಗಟ್ಟಿಮುಟ್ಟು ಎಂದಲ್ಲ, ಅಂಚು ಬಳೆಯ ಚೂರಿನಂತೆ ಹಾರುತ್ತದೆ. ಹಾರಿತೋ, ನಲ್ಲಿ ಇನ್ನು ಎಂದೂ ಪೂರ್ತಿ ಮುಚ್ಚುವುದಿಲ್ಲ.


ಮೂಲೆಮನೆ:

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮದು ಹಳೇ ಕಾಲದ ನಲ್ಲಿ, ಐದಾರು ಸುತ್ತು ತಿರುಗಿಸಿದರೆ ತೆರೆಯೋದು. ಅದೂ ಬಿಗಿಯೇ. ಅದರಲ್ಲೂ ಬಿಲ್ಲೆ ಇರುತ್ತಾ?


ಹಳೇಪಾನಾ:

ಇಲ್ಲ. ಸುತ್ತು ಸುತ್ತಿ ತೆರೆಯೋದರಲ್ಲಿ ಸ್ಪಿಂಡಲ್ ಅನ್ನೋ ತಿರುಗೋ ಕಡ್ಡಿ, ಅದರ ತುದಿಗೆ ರಬ್ಬರ್ ವಾಷರ್. ಸ್ಪಿಂಡಲ್ ಹೊರಗೆ ಬರೋ ಕತ್ತಿನಲ್ಲಿ ಒಂದು ಸಣ್ಣ ನಟ್, ಗ್ಲ್ಯಾಂಡ್ ನಟ್ ಅಂತೀವಿ, ಅದರ ಕೆಳಗೆ ನೀರು ಮೇಲೆ ಬರದ ಹಾಗೆ ಸುತ್ತಿದ ದಾರ. ದಾರ ಒಣಗಿದರೆ ಅಥವಾ ನಟ್ ಬಿಗಿದರೆ ನಲ್ಲಿ ಬಿಗಿ. ಹಿಡಿ ತೆಗೆದು ಆ ನಟ್ಟನ್ನ ಒಂದು ಸುತ್ತಿನ ಎಂಟನೇ ಒಂದು ಭಾಗ ಸಡಿಲಿಸಿ ನೋಡಿ. ಹಗುರಾಗಿ, ಕತ್ತಿನಲ್ಲಿ ನೀರೂ ಬರದಿದ್ದರೆ ಬಚಾವ್. ನೀರು ಬಂದರೆ ನೀರಿನ ಲೈನ್ ಮುಚ್ಚಿ, ಹಳೇ ದಾರ ಕಿತ್ತು, ಟೆಫ್ಲಾನ್ ಟೇಪನ್ನ ಹುರಿ ಮಾಡಿ ನಟ್ ಬಿಗಿಯೋ ದಿಕ್ಕಿನಲ್ಲೇ ಮೂರ್ನಾಲ್ಕು ಸುತ್ತು ಹಾಕಿ ಮುಚ್ಚಿ. ಸ್ಪಿಂಡಲ್ ಬಿಚ್ಚಿದ್ದೀರಿ ಅಂದಮೇಲೆ ಥ್ರೆಡ್ಡಿಗೆ ಸಿಲಿಕೋನ್ ಗ್ರೀಸ್ ಸವರಿ. ಆ ನಲ್ಲಿಗಳು ಮನುಷ್ಯನಿಗಿಂತ ಹೆಚ್ಚು ಬಾಳ್ತವೆ, ಬಿಸಾಡಬೇಡಿ.


ಹೊಲಿಗೆಪೆಟ್ಟಿಗೆ:

ಇವತ್ತು ಬಿಚ್ಚಿದೆ. ಏನಾಯ್ತೋ ಅದನ್ನೆಲ್ಲ ಬರೀತೀನಿ, ನನ್ನ ಹಾಗೆ ಹುಡುಕಿಕೊಂಡು ಬರೋರಿಗೆ ಬೇಕಾಗಬಹುದು.

ಬಿಸಿನೀರಿನ ವಾಲ್ವ್ ಹಿಂದೆ ಮುಂದೆ ಆಡಿಸ್ತಾ ಆಡಿಸ್ತಾ ಹದಿನೈದನೇ ಸಲಕ್ಕೋ ಏನೋ ಕಿರ್ ಅಂತ ಬಿಟ್ಟುಕೊಂಡಿತು. ಕೆಂಪು-ನೀಲಿ ಮುಚ್ಚಳ ಉಗುರಿಗೆ ಸಿಗಲಿಲ್ಲ. ಹೊಲಿಗೆ ಬಿಚ್ಚೋ ಕೊಕ್ಕೆಯ ಮೊನೆ ಸಂದಿಗೆ ಕೊಟ್ಟು ಎಬ್ಬಿಸಿದೆ, ಲೇಪಕ್ಕೆ ಒಂದು ಗೀರೂ ಆಗಲಿಲ್ಲ. ಇಲ್ಲಿವರೆಗೆ ನನ್ನ ಜಂಬ.

ಆಮೇಲೆ ಸ್ಕ್ರೂ. ನನ್ನ ಡಬ್ಬಿಯಲ್ಲಿದ್ದ ಅಲೆನ್ ಕೀ ತೂತಿಗೆ ಕೂತಿತು, ಸ್ವಲ್ಪ ಲೊಡಲೊಡ ಅಂತಿತ್ತು. ಪರವಾಗಿಲ್ಲ ಅಂತ ತಿರುಗಿಸಿದೆ. ಕೀ ತಿರುಗಿತು, ಸ್ಕ್ರೂ ತಿರುಗಲಿಲ್ಲ. ಮತ್ತೊಮ್ಮೆ ತಿರುಗಿಸೋ ಹೊತ್ತಿಗೆ ಒಳಗೆ ಏನೋ ಸವೆದ ಹಾಗೆ ನುಣ್ಣಗೆ ಜಾರಿತು. ಹಾಳಾದ ಬಟ್ಟೆಯನ್ನ ಮತ್ತೆ ಕತ್ತರಿಸಬಾರದು ಅನ್ನೋದು ನನ್ನ ಕಸುಬು ಕಲಿಸಿದ ಪಾಠ, ಅಲ್ಲಿಗೇ ನಿಲ್ಲಿಸಿ ಬಂದಿದ್ದೀನಿ. ಇಡೀ ಮನೆಗೆ ಸದ್ಯ ಬಚ್ಚಲಿನ ನೀರೇ ಗತಿ. ಅತ್ತೆ ಏನೂ ಅಂದಿಲ್ಲ, ಆದರೆ ಸೌಟನ್ನ ಎತ್ತಿ ತೋರಿಸಿದರು.


ಹಳೇಪಾನಾ:

ನಿಲ್ಲಿಸಿದಿರಲ್ಲ, ಅರ್ಧ ಗೆದ್ದಿರಿ. ನಿಮ್ಮ ಕೀ ಇಂಚಿನ ಅಳತೆಯದ್ದಿರಬೇಕು. 3/32 ಇಂಚು ಅಂದರೆ 2.38 ಮಿ.ಮೀ. ಅದು 2.5ರ ತೂತಿಗೆ ಕೂರುತ್ತೆ, ಆದರೆ ಹಿಡಿಯಲ್ಲ, ಮೂಲೆಗಳನ್ನ ಸವೆಸುತ್ತೆ. ಮಿ.ಮೀ. ಸೆಟ್ಟಿನ 2.5 ತನ್ನಿ. ಮೂಲೆ ಸ್ವಲ್ಪವೇ ಸವೆದಿದ್ದರೆ ಸರಿಯಾದ ಕೀ ಇನ್ನೂ ಕಚ್ಚಿಕೊಳ್ಳುತ್ತೆ. ತುದಿ ಗುಂಡಗಿರೋ ಕೀ ಬೇಡ, ಚಪ್ಪಟೆ ಕಡಿದ ತುದಿಯದ್ದು. ತೂತಿನಲ್ಲಿರೋ ಸುಣ್ಣ, ಕೊಳೆಯನ್ನ ಸೂಜಿಯಿಂದ ಕೆರೆದು ತೆಗೆದು, ಎರಡು ಹನಿ ವಿನೆಗರ್ ಬಿಟ್ಟು ಕಾಯಿರಿ. ಆಮೇಲೆ ಕೀ ಪೂರ್ತಿ ಒಳಗೆ ಕೂರಿಸಿ, ಮೊದಲು ಬಿಗಿಯೋ ಕಡೆಗೆ ಒಂದು ಸಣ್ಣ ಒತ್ತು, ಆಮೇಲೆ ಬಿಚ್ಚೋ ಕಡೆಗೆ. ಉಕ್ಕಿನ ಸ್ಕ್ರೂ ಬೇರೆ ಲೋಹದ ಹಿಡಿಯಲ್ಲಿ ವರ್ಷಗಟ್ಟಲೆ ಒದ್ದೆಯಾಗಿ ಕೂತರೆ ಹೀಗೆ ಕಚ್ಚಿಕೊಳ್ಳುತ್ತೆ. ಈ ಒಂದು ಸ್ಕ್ರೂ ವಿಷಯದಲ್ಲಿ ಮಾತ್ರ ಅವಸರಪ್ಪನ ಸ್ಪ್ರೇಗೆ ನನ್ನ ಅಭ್ಯಂತರ ಇಲ್ಲ, ಒಂದೇ ಹನಿ, ಕಡ್ಡಿಯ ತುದಿಯಲ್ಲಿ.


ಅವಸರಪ್ಪ:

ಅಂತೂ ನನ್ನ ಮಾತಿಗೂ ಒಂದು ಹನಿಯಷ್ಟು ಬೆಲೆ ಬಂತು.


ಹೊಲಿಗೆಪೆಟ್ಟಿಗೆ:

2.5 ಮಿ.ಮೀ. ಕೀ ತೂತಿಗೆ ಹೊಕ್ಕಾಗ ಬಂದ ಆ ಬಿಗಿ ಇದೆಯಲ್ಲ, ಸರಿಯಾದ ಸೂಜಿ ಮೆಷಿನ್ನಿಗೆ ಕೂತಾಗ ಬರೋದೇ ಅದು. ಕೈಗೆ ತಕ್ಷಣ ಗೊತ್ತಾಯ್ತು. ಬಿಗಿಯೋ ಕಡೆಗೆ ಒಂದು ಒತ್ತು, ಆಮೇಲೆ ಬಿಚ್ಚೋ ಕಡೆಗೆ, ಚಟ್ ಅಂತ ಬಿಟ್ಟಿತು.

ಹಿಡಿ ತೆಗೆದೆ, ಗುಮ್ಮಟ ತೆಗೆದೆ. ಹಿಡಿಯನ್ನ ಮತ್ತೆ ಸಿಕ್ಕಿಸಿ ಆಡಿಸಿದೆ, ಅದೇ ಕಲ್ಲು. ಸರಿ, ನಟ್. ದವಡೆ ಹೊಂದಿಸಿಕೊಳ್ಳೋ ಸ್ಪ್ಯಾನರ್‌ಗೆ ಬಟ್ಟೆ ಸುತ್ತಿ ಹಾಕಿದೆ, ನನ್ನ ಎರಡೂ ಕೈಯ ಬಲ ಬೇಕಾಯ್ತು. ಒಂದು ಸಣ್ಣ ಪದಾರ್ಥವನ್ನ ಇಷ್ಟು ಬಿಗಿಯೋಕೆ ಆ ಮನುಷ್ಯನಿಗೆ ಅದರ ಮೇಲೇನು ಸಿಟ್ಟಿತ್ತೋ. ಕಾಲು ಸುತ್ತು ಸಡಿಲವಾಗಿದ್ದೇ ತಡ, ಹಿಡಿ ಬೆಣ್ಣೆಯಲ್ಲಿ ಆಡಿದ ಹಾಗೆ ಆಡಿತು! ಕರಕರ ಮಾತ್ರ ಇನ್ನೂ ಇತ್ತು.

ಕಾರ್ಟ್ರಿಡ್ಜ್ ಹೊರಗೆ ತೆಗೆಯೋಕೆ ಮುಂಚೆ ಅದರ ಮೇಲೂ ನಲ್ಲಿಯ ಮೈಮೇಲೂ ಸೇರಿಸಿ ಮಾರ್ಕಿಂಗ್ ಚಾಕಿನಲ್ಲಿ ಒಂದು ಗೆರೆ ಎಳೆದೆ, ತೋಳು ಜೋಡಿಸುವಾಗ ಎಳೀತೀವಲ್ಲ ಹಾಗೆ. ಮೇಲಕ್ಕೆ ಎತ್ತಿದರೆ ಡಬ್ಬಿ ಬಂತು. ತಳದಲ್ಲಿ ಎರಡು ಸಣ್ಣ ಮೊಳೆಯಂಥ ಗೂಟ, ಮೂರು ತೂತು, ತೂತಿನ ಸುತ್ತ ಕರೀ ರಬ್ಬರ್. ಒಂದು ಕಡೆ ರಬ್ಬರ್ ಉಬ್ಬಿಯೇ ಇರಲಿಲ್ಲ, ಪ್ಲಾಸ್ಟಿಕ್ಕಿಗೆ ಸಮವಾಗಿ ಚಪ್ಪಟೆ. ಬಿಸಿನೀರಿನ ತೂತಿನ ಅಂಚಿನಲ್ಲಿ ಬಿಳೀ ಹರಳು.

ಈಗ ಪ್ರಶ್ನೆ. ವಿನೆಗರ್‌ನಲ್ಲಿ ನೆನೆಸಿ ಗ್ರೀಸ್ ಹಾಕಿ ಇದನ್ನೇ ಕೂರಿಸಲಾ, ಅಥವಾ ಹೊಸದು ತರಲಾ? ಹೊಸದಾದರೆ ಅಳತೆ ಏನು ಹೇಳಲಿ? ನನ್ನ ಹತ್ತಿರ ಇರೋದು ಟೇಪು ಮಾತ್ರ, ಸುತ್ತಳತೆ ತೆಗೆದರೆ 11 ಸೆಂಟಿಮೀಟರ್.


ಹಳೇಪಾನಾ:

ಕಾರ್ಟ್ರಿಡ್ಜಿಗೆ ಸೊಂಟದ ಅಳತೆ ತೆಗೆದವರನ್ನ ಇವತ್ತೇ ನೋಡಿದ್ದು!


ರಸಾಯನಮೇಷ್ಟ್ರು:

ಅಳತೆ ಸರಿಯಾಗಿಯೇ ಇದೆ. 110 ಮಿ.ಮೀ.ಯನ್ನು 3.14ರಿಂದ ಭಾಗಿಸಿ, 35 ಬರುತ್ತದೆ. 35 ಮಿ.ಮೀ. ಕಾರ್ಟ್ರಿಡ್ಜ್. 40 ಮಿ.ಮೀ.ಯದ್ದಾಗಿದ್ದರೆ ಸುತ್ತಳತೆ ಹನ್ನೆರಡೂವರೆ ಸೆಂಟಿಮೀಟರ್ ದಾಟುತ್ತಿತ್ತು.


ಹಳೇಪಾನಾ:

ಹೌದು, 35 ಮತ್ತು 40, ಹೆಚ್ಚಾಗಿ ಸಿಗೋದು ಇವೇ ಎರಡು. ಆದರೆ ಅಗಲ ಒಂದೇ ನಂಬಿ ಹೋಗಬೇಡಿ. ಎತ್ತರ, ತಳದ ಗೂಟಗಳ ಜಾಗ, ತಳ ಸಪಾಟಾ ಅಥವಾ ಕಾಲಿನ ಮೇಲೆ ನಿಂತಿದೆಯಾ, ಮೇಲಿನ ಕಡ್ಡಿ ಎಷ್ಟು ದಪ್ಪ, ಇವೆಲ್ಲ ಹೊಂದಬೇಕು. ಹಳೇದನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ ಪಕ್ಕದಲ್ಲಿಟ್ಟು ನೋಡಿ ತನ್ನಿ.

ಹಳೇದನ್ನ ಉಳಿಸಬಹುದಾ ಅಂದರೆ, ಬರೀ ಸುಣ್ಣವಾಗಿದ್ದರೆ ಉಳಿಸಿ ಅಂತಿದ್ದೆ. ರಬ್ಬರ್ ಚಪ್ಪಟೆಯಾಗಿದೆ ಅಂದಮೇಲೆ ಬೇಡ. ಹದವಾಗಿ ಬಿಗಿದರೆ ಮತ್ತೆ ಜಿನುಗುತ್ತೆ, ಜಿನುಗದಷ್ಟು ಬಿಗಿದರೆ ಮತ್ತೆ ಕಲ್ಲು. ಎರಡು ಹಿಡಿಯ ನಲ್ಲಿ ಇರೋರಿಗೂ ಒಂದು ಮಾತು: ಕಾಲು ಸುತ್ತಿಗೆ ತೆರೆಯೋ ಜಾತಿಯಲ್ಲಿ ಎಡಗಡೆಯದ್ದು ಬಲಗಡೆಯದ್ದು ಬೇರೆ ಬೇರೆ ಇರುತ್ತೆ. ಅದಲುಬದಲಾದರೆ ಹಿಡಿ ಉಲ್ಟಾ ತೆರೆಯುತ್ತೆ, ಕೆಟ್ಟಿಲ್ಲ, ಗಾಬರಿ ಬೇಡ.

ಕೂರಿಸುವಾಗ: ಕಾರ್ಟ್ರಿಡ್ಜ್ ಕೂರೋ ಗುಂಡಿಯನ್ನ ವಿನೆಗರ್ ಬಟ್ಟೆಯಿಂದ ಒರೆಸಿ, ಆ ಮೇಲೆ ಬರೀ ನೀರಿನ ಬಟ್ಟೆ. ಒಂದು ಸುಣ್ಣದ ಚೂರು ರಬ್ಬರ್ ಅಡಿಗೆ ಸಿಕ್ಕಿದರೂ ಸೋರುತ್ತೆ. ರಬ್ಬರ್‌ಗೆ ಸಿಲಿಕೋನ್ ಗ್ರೀಸ್ ಬೆರಳಲ್ಲಿ ತೆಳುವಾಗಿ ಸವರಿ. ಗೂಟ ತೂತಿಗೆ ಬಿದ್ದಿದ್ದು ಕೈಗೆ ಗೊತ್ತಾಗಬೇಕು, ಆಮೇಲೆ ನಟ್. ಮೊದಲು ಕೈಯಲ್ಲೇ ನಿಲ್ಲೋತನಕ, ಅಲ್ಲಿಂದ ಸ್ಪ್ಯಾನರ್‌ನಲ್ಲಿ ಸ್ವಲ್ಪ ಸ್ವಲ್ಪ. ಪ್ರತಿ ಸಲ ಹಿಡಿ ಆಡಿಸಿ ನೋಡಿ. ಹಗುರ ಕಮ್ಮಿಯಾಗೋಕೆ ಶುರುವಾಯ್ತೋ, ಸಾಕು. ನೀರು ಬಿಟ್ಟು ಜಿನುಗಿದರೆ ಮಾತ್ರ ಇನ್ನೊಂದು ಎಳೆ. ನೀರು ಬಿಡೋ ಮುಂಚೆ ಮೂತಿಯ ತುದಿಯ ಜಾಲರಿ ಬಿಚ್ಚಿಡಿ, ಇಲ್ಲದಿದ್ದರೆ ಉದುರಿದ ಸುಣ್ಣವೆಲ್ಲ ಅಲ್ಲಿ ಹೋಗಿ ಕೂರುತ್ತೆ. ಮೂತಿ ಬಿಗಿ ಅಂದಿದ್ದಿರಲ್ಲ, ಅದರ ಬುಡದಲ್ಲಿ ಓ-ರಿಂಗ್ ಅನ್ನೋ ಎರಡು ರಬ್ಬರ್ ಬಳೆ ಇರುತ್ತವೆ. ಮೂತಿ ಮೇಲಕ್ಕೆ ಎಳೆದರೆ ಬರೋ ಮಾದರಿಯಾದರೆ ಅವಕ್ಕೂ ಅದೇ ಗ್ರೀಸ್.

ಮರೆತೆ, ಹಿಡಿ ಹಾರಿ ನೀರು ಪೂರ್ತಿ ಬಿಟ್ಟುಕೊಳ್ಳುತ್ತೆ ಅಂದಿದ್ದಿರಿ. ತಮಾಷೆ ನೋಡಿ, ಈ ಒಂದು ಹಿಡಿಯ ನಲ್ಲಿ ಹುಟ್ಟಿದ್ದೇ ಕೈ ಸುಟ್ಟುಕೊಂಡಿದ್ದರಿಂದ. ಅಮೆರಿಕದ ಆಲ್ಫ್ರೆಡ್ ಮೋಯೆನ್ ವಿದ್ಯಾರ್ಥಿಯಾಗಿದ್ದಾಗ, 1937ರಲ್ಲಿ, ಎರಡು ಹಿಡಿಯ ನಲ್ಲಿಯಲ್ಲಿ ಕೈ ತೊಳೆಯೋಕೆ ಹೋಗಿ ಬಿಸಿನೀರು ಬಿತ್ತಂತೆ. 1947ಕ್ಕೆ ಅವರ ಒಂದು ಹಿಡಿಯ ನಲ್ಲಿ ಮಾರಾಟಕ್ಕೆ ಬಂತು.


ಹೊಲಿಗೆಪೆಟ್ಟಿಗೆ:

ಆಯ್ತು! ಆದರೆ ನೇರವಾಗಿ ಆಗಲಿಲ್ಲ.

ಹೊಸ ಕಾರ್ಟ್ರಿಡ್ಜ್ ಹಳೇದರ ಪಕ್ಕದಲ್ಲಿಟ್ಟು ಗೂಟ, ತೂತು, ಕಡ್ಡಿ ಎಲ್ಲ ನೋಡಿ ತಂದೆ. ಗುಂಡಿ ಒರೆಸಿದೆ, ಗ್ರೀಸ್ ಸವರಿದೆ. ಗೂಟ ತೂತಿಗೆ ಬಿದ್ದಾಗ ಮೆತ್ತಗೆ ಒಂದು 'ಟಪ್', ಅದು ಕಿವಿಗಲ್ಲ, ಬೆರಳಿಗೆ ಕೇಳಿಸೋದು. ನಟ್ ಕೈಯಲ್ಲಿ ಬಿಗಿದು, ಸ್ಪ್ಯಾನರ್‌ನಲ್ಲಿ ಒಂಚೂರು, ಆಡಿಸೋದು, ಮತ್ತೊಂಚೂರು, ಆಡಿಸೋದು. ದಾರದ ಬಿಗಿ ಹದ ಮಾಡೋದೂ ಹೀಗೇ, ತುಂಡು ಬಟ್ಟೆ ಮೇಲೆ ಹೊಲಿದು ನೋಡ್ತಾ ನೋಡ್ತಾ. ಅಲ್ಲಿ ನಿಲ್ಲಿಸಬೇಕು ಅಂತ ಕೈಯೇ ಹೇಳಿತು. ನೀರು ಬಿಟ್ಟೆ, ಒಂದು ಹನಿಯೂ ಜಿನುಗಲಿಲ್ಲ.

ಖುಷಿಯಲ್ಲಿ ಸಿಂಕಿನ ತೂತಿನ ಬಟ್ಟೆ ತೆಗೆದು, ಹೊಲಿಗೆಯವರ ಚಾಳಿ, ಒಮ್ಮೆ ಚೆನ್ನಾಗಿ ಕೊಡವಿದೆ. ಹಿಡಿಯ ಚಿಕ್ಕ ಸ್ಕ್ರೂ ಅದರ ಮಡಿಕೆಯಲ್ಲೇ ಇತ್ತು. ಪೂರ್ತಿ ತೆಗೆಯಬೇಡಿ ಅಂತ ನೀವು ಹೇಳಿದ್ದಿರಿ, ಮೂಲೆ ಎಷ್ಟು ಸವೆದಿದೆ ನೋಡೋಣ ಅಂತ ನಾನು ತೆಗೆದಿದ್ದೆ. ಟಿಂಗ್ ಅಂತ ಒಂದು ಸದ್ದು ಮಾಡಿ ತೂತಿಗಿಳಿಯಿತು.

ಸಿಂಕಿನ ಕೆಳಗೆ ಕೂತು ಬಾಟಲಿ ಆಕಾರದ ಟ್ರ್ಯಾಪಿನ ತಳದ ಬಟ್ಟಲನ್ನ ತಿರುಗಿಸಿ ಬಿಚ್ಚಿದೆ, ಅಡಿಗೆ ಬಕೆಟ್ ಇಟ್ಟು. ಕೊಳೆಯ ವಿಷಯ ವರ್ಣಿಸಲ್ಲ. ಸ್ಕ್ರೂ ಸಿಕ್ಕಿತು, ಅದರ ಜೊತೆ ಮೂರು ವರ್ಷದ ಹಿಂದೆ ಕಳೆದುಹೋಗಿದ್ದ ನನ್ನ ಬೆರಳಟೋಪಿಯೂ. ಆ ಬಕೆಟ್ಟನ್ನ ಎತ್ತಿ ಅದೇ ಸಿಂಕಿಗೆ ಸುರಿಯೋಕೆ ಹೊರಟಿದ್ದೆ, ಅತ್ತೆ ಕೈ ಹಿಡಿದು ನಿಲ್ಲಿಸಿದರು. ಕೆಳಗೆ ಬಟ್ಟಲು ಬಿಚ್ಚೇ ಇತ್ತು.


ಹಳೇಪಾನಾ:

ನಾನು ಸುರಿದಿದ್ದೀನಿ. ಒಂದಲ್ಲ, ಎರಡು ಸಲ. ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ.


ಮೂಲೆಮನೆ:

ನಮ್ಮ ಹಳೇ ನಲ್ಲಿಯೂ ಸರಿಹೋಯ್ತು. ಎಂಟನೇ ಒಂದು ಸುತ್ತಿಗೇ ಹಗುರಾಯ್ತು, ನೀರೂ ಬರಲಿಲ್ಲ. ಬಿಚ್ಚೋಕೆ ಸಿದ್ಧನಾಗಿ ಕೂತಿದ್ದೆ, ಸ್ವಲ್ಪ ನಿರಾಸೆಯೇ ಆಯ್ತು ಅನ್ನಿ. ಅಕ್ಕಾ, ನಿಮ್ಮದು ಈಗ ಹೇಗಿದೆ?


ಹೊಲಿಗೆಪೆಟ್ಟಿಗೆ:

ಒಂದು ವಾರ ಆಯ್ತು, ಜಿನುಗಿಲ್ಲ. ಮೂತಿಯ ಓ-ರಿಂಗ್‌ಗೂ ಗ್ರೀಸ್ ಹಾಕಿದೆ, ಅದು ಈಗ ಮುಟ್ಟಿದರೆ ತಿರುಗುತ್ತೆ. ಹೊಸ ತೊಂದರೆ ಏನಪ್ಪಾ ಅಂದರೆ, ಹಿಡಿ ಹಗುರಾಗಿದೆ, ನಮ್ಮ ಕೈಗಳು ಹಗುರಾಗಿಲ್ಲ. ಹಳೇ ಅಭ್ಯಾಸಕ್ಕೆ ಎಲ್ಲರೂ ಮೀಟಿ ಎತ್ತಿ, ನೀರು ತಟ್ಟೆಗೆ ಹೊಡೆದು ಎದೆ ಮೇಲೆ. ಎರಡು ದಿನ ನೋಡಿ, ಆ್ಯಂಗಲ್ ವಾಲ್ವ್ ಎರಡನ್ನೂ ಅರ್ಧ ಸುತ್ತು ಮುಚ್ಚಿಟ್ಟೆ. ಅತ್ತೆ ಮಾತ್ರ ಮೊದಲ ದಿನದಿಂದಲೇ ಮಣಿಕಟ್ಟಿನಲ್ಲಿ ಎತ್ತಿ ಬೇಕಾದಷ್ಟೇ ಧಾರೆ ಬಿಟ್ಟುಕೊಳ್ತಾರೆ.

ಹಳೇ ಕಾರ್ಟ್ರಿಡ್ಜನ್ನ ಬಿಸಾಡೋಕೆ ಮನಸ್ಸಾಗದೆ ಬಿಚ್ಚಿ ನೋಡಿದೆ. ಒಳಗೆ ಗ್ರೀಸ್ ಅನ್ನೋದು ಅಂಚಿನಲ್ಲಿ ಒಂದು ಬೂದು ಗೆರೆಯಷ್ಟೇ ಉಳಿದಿತ್ತು. ಎರಡು ಬಿಲ್ಲೆಗಳನ್ನ ತೊಳೆದು ಒದ್ದೆಯಲ್ಲೇ ಒಂದರ ಮೇಲೊಂದು ಇಟ್ಟೆ. ಮೇಲಿನದ್ದನ್ನ ಎತ್ತಿದರೆ ಕೆಳಗಿನದ್ದೂ ಅಂಟಿಕೊಂಡು ಬಂತು. ಅಂಟಿಲ್ಲ, ಏನಿಲ್ಲ, ಬರೀ ನುಣುಪು. ಜಾರಿಸಿದರೆ ಮಾತ್ರ ಬಿಡುತ್ತೆ. ಮೇಷ್ಟ್ರೇ, ಇದು ಹೇಗೆ?


ರಸಾಯನಮೇಷ್ಟ್ರು:

ಎರಡು ಮೈಗಳೂ ತೀರಾ ಸಪಾಟಾಗಿದ್ದಾಗ ನಡುವೆ ಗಾಳಿಗೆ ಜಾಗವಿಲ್ಲ, ಇರುವುದು ನೀರಿನ ತೆಳು ಪೊರೆ ಮಾತ್ರ. ಹೊರಗಿನ ಗಾಳಿಯ ಒತ್ತಡವೂ ಆ ಪೊರೆಯ ಎಳೆತವೂ ಸೇರಿ ಹಿಡಿದುಕೊಳ್ಳುತ್ತವೆ. ನಲ್ಲಿ ಮುಚ್ಚಿದಾಗ ನೀರು ನಿಲ್ಲುವುದೂ ಆ ನುಣುಪಿನಿಂದಲೇ, ಬಿಲ್ಲೆಗಳ ನಡುವೆ ರಬ್ಬರ್ ಇಲ್ಲ. ಮಕ್ಕಳಿಗೆ ತೋರಿಸಲು ಒಳ್ಳೆಯ ವಸ್ತು, ನನಗೆ ಕೊಡುತ್ತೀರಾ?


ಹೊಲಿಗೆಪೆಟ್ಟಿಗೆ:

ಕೊಡಲ್ಲ ಮೇಷ್ಟ್ರೇ. ಅವು ಆಗಲೇ ನನ್ನ ಗುಂಡಿ ಡಬ್ಬಿಗೆ ಹೋಗಿವೆ.